ಆಪರೇಷನ್ ಆದರೂ ಬೀದಿನಾಯಿಗಳು ಕಡಿಮೆಯಾಗುತ್ತಿಲ್ಲ ಏಕೆ?

ಪ್ರಶ್ನೆ: ನಾವಿರುವುದು ದೊಡ್ಡ ನಗರದ ಒಂದು ಬಡಾವಣೆಯಲ್ಲಿ. ಮೂರು ವರ್ಷಗಳಿಂದ ಆಗಾಗ ವ್ಯಾನ್ ಬಂದು ಕೆಲವು ನಾಯಿಗಳನ್ನು ಹಿಡಿದೊಯ್ದು, ಸಂತಾನಹರಣ ಮಾಡಿಸಿ ತಂದು ಬಿಡುತ್ತಾರೆ. ಆದರೂ ಪ್ರತಿ ವರ್ಷ ಹೊಸ ಮರಿಗಳು ಹುಟ್ಟುತ್ತಲೇ ಇವೆ. ರಾತ್ರಿ ಬೈಕ್‌ಗಳನ್ನು ಅಟ್ಟಿಸಿಕೊಂಡು ಬರುತ್ತವೆ. ಇತ್ತೀಚೆಗೆ ಇಬ್ಬರು ಮಕ್ಕಳಿಗೆ ಕಚ್ಚಿವೆ. ಎಲ್ಲವನ್ನೂ ಹಿಡಿದು ಊರಾಚೆ ಒಂದು ಕಡೆ ಕೂಡಿಹಾಕಬಾರದೇಕೆ? ಅದು ಆಗದಿದ್ದರೆ ನಮ್ಮ ನಿವಾಸಿಗಳ ಸಂಘ ಏನು ಮಾಡಬಹುದು?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಮೂರು ಬೇರೆ ಬೇರೆ ಸಮಸ್ಯೆಗಳು ಸೇರಿಕೊಂಡಿವೆ: ನಾಯಿಗಳ ಸಂಖ್ಯೆ, ಕಡಿತ, ರೇಬೀಸ್. ಒಂದಕ್ಕೆ ಮಾಡುವ ಉಪಾಯದಿಂದ ಇನ್ನೊಂದು ತಾನಾಗಿ ಪರಿಹಾರವಾಗುವುದಿಲ್ಲ. ರೇಬೀಸ್ ನಿಲ್ಲಿಸುವುದು ಲಸಿಕೆ. ಸಂಖ್ಯೆ ಇಳಿಸುವುದು ಹೆಣ್ಣು ನಾಯಿಗಳ ಸಂತಾನಹರಣ ಮತ್ತು ಕಸದ ನಿರ್ವಹಣೆ. ಕಡಿತ ತಗ್ಗಬೇಕಾದರೆ ಯಾವ ನಾಯಿ, ಎಲ್ಲಿ, ಯಾವ ಹೊತ್ತಿನಲ್ಲಿ, ಏಕೆ ಕಚ್ಚಿತು ಎಂಬುದು ಗೊತ್ತಿರಬೇಕು. ಆಪರೇಷನ್ ಆದ ನಾಯಿಯೂ ಕಚ್ಚಬಲ್ಲದು. ಲಸಿಕೆ ಹಾಕಿದ ನಾಯಿಯೂ ಮರಿ ಹಾಕಬಲ್ಲದು. ಮೂರು ವರ್ಷವಾದರೂ ಏನೂ ಬದಲಾಗಿಲ್ಲ ಎಂದು ಜನರಿಗೆ ಅನಿಸುವುದು ಬಹುಮಟ್ಟಿಗೆ ಈ ಮೂರನ್ನೂ ಒಂದೇ ಗಂಟಿಗೆ ಕಟ್ಟಿರುವುದರಿಂದ.

ಮಕ್ಕಳಿಗೆ ಕಚ್ಚಿದೆ ಎಂದಿದ್ದೀರಿ. ಹಾಗಾಗಿ ಮೊದಲು ಗಾಯದ ವಿಷಯ.

ಕಚ್ಚಿದ ತಕ್ಷಣ

ರೇಬೀಸ್ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಬದುಕುಳಿಯುವುದು ಇಲ್ಲವೆಂಬಷ್ಟು ಅಪರೂಪ. ಅದಕ್ಕೆ ಮೊದಲು ಸರಿಯಾಗಿ ಚಿಕಿತ್ಸೆ ಮಾಡಿದರೆ ಬಹುತೇಕ ಪೂರ್ತಿ ತಡೆಯಬಹುದು. ಕಚ್ಚಿದ ಜಾಗದಲ್ಲಿ ಸೇರಿದ ವೈರಸ್ ನರಗಳ ಮೂಲಕ ಮೆದುಳಿಗೆ ತಲುಪಲು ಸಾಮಾನ್ಯವಾಗಿ ಎರಡು ಮೂರು ತಿಂಗಳು ಬೇಕು. ಒಂದು ವಾರದಲ್ಲೇ ತಲುಪಿದ್ದೂ ಉಂಟು, ವರ್ಷ ಹಿಡಿದದ್ದೂ ಉಂಟು. ಮುಖ, ತಲೆ, ಕುತ್ತಿಗೆ, ಬೆರಳುಗಳಿಗೆ ಕಚ್ಚಿದರೆ ಅವಧಿ ಕಡಿಮೆ. ಮಕ್ಕಳ ಎತ್ತರಕ್ಕೆ ನಾಯಿಯ ಬಾಯಿ ಮುಖದ ಹತ್ತಿರವೇ ಬರುವುದರಿಂದ ಅವರ ಅಪಾಯ ಹೆಚ್ಚು. ನಾಯಿಯಿಂದ ಹರಡುವ ರೇಬೀಸ್‌ನಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಮಂದಿ ಸಾಯುತ್ತಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಬಳಸುವ ಅಂದಾಜು. ಅವರಲ್ಲಿ ಸುಮಾರು 40 ಶೇಕಡಾ ಮಂದಿ 15 ವರ್ಷದೊಳಗಿನ ಮಕ್ಕಳು.

ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಪೂರ್ತಿ 15 ನಿಮಿಷ ತೊಳೆಯಬೇಕು. ಗಡಿಯಾರ ನೋಡಿಕೊಂಡೇ ತೊಳೆಯಿರಿ, ಅಂದಾಜಿನಲ್ಲಿ ತೊಳೆಯುವವರು ಎರಡು ನಿಮಿಷಕ್ಕೆ ನಿಲ್ಲಿಸುತ್ತಾರೆ. ಸೋಪು ವೈರಸ್ಸಿನ ಹೊರಗಿನ ಕೊಬ್ಬಿನ ಪದರವನ್ನು ಒಡೆಯುತ್ತದೆ, ಈ ಹಂತದ ಬೆಲೆ ಇರುವುದೇ ಅದರಲ್ಲಿ. ಆಮೇಲೆ ಪೋವಿಡೋನ್ ಅಯೋಡಿನ್‌ನಂಥ ನಂಜುನಿವಾರಕ ಹಚ್ಚಿ. ಎಣ್ಣೆ, ಮಣ್ಣು, ಖಾರದ ಪುಡಿ, ಸೊಪ್ಪಿನ ರಸ ಯಾವುದನ್ನೂ ಮೆತ್ತಬೇಡಿ. ಬಿಗಿಯಾಗಿ ಪಟ್ಟಿ ಕಟ್ಟಬೇಡಿ. ಹೊಲಿಗೆ ಸಾಧ್ಯವಾದಷ್ಟು ಬೇಡ. ತೀರಾ ಅಗತ್ಯವಿದ್ದರೆ ಗಾಯಕ್ಕೆ ಇಮ್ಯುನೊಗ್ಲಾಬ್ಯುಲಿನ್ (ವೈರಸ್ಸನ್ನು ತಡೆಯುವ ಸಿದ್ಧ ಪ್ರತಿಕಾಯದ ಔಷಧಿ) ಕೊಟ್ಟ ನಂತರ ಸಡಿಲವಾಗಿ ಹಾಕುತ್ತಾರೆ.

ಆಸ್ಪತ್ರೆಯಲ್ಲಿ ಗಾಯವನ್ನು ಮೂರು ವರ್ಗವಾಗಿ ನೋಡುತ್ತಾರೆ. ನಾಯಿಯನ್ನು ಮುಟ್ಟಿದ್ದರೆ, ಅಥವಾ ಗಾಯವಿಲ್ಲದ ಚರ್ಮವನ್ನು ಅದು ನೆಕ್ಕಿದ್ದರೆ ತೊಳೆದುಕೊಂಡರೆ ಸಾಕು. ರಕ್ತ ಬಾರದಂತೆ ಪರಚಿದ್ದರೆ ಅಥವಾ ಬರಿಯ ಚರ್ಮವನ್ನು ಹಲ್ಲಿನಿಂದ ಮೆಲ್ಲಗೆ ಕಚ್ಚಿದ್ದರೆ ಲಸಿಕೆ ಬೇಕು. ಚರ್ಮ ಸೀಳಿ ರಕ್ತ ಬಂದಿದ್ದರೆ, ಅಥವಾ ಕಣ್ಣು, ಬಾಯಿ, ತೆರೆದ ಗಾಯಕ್ಕೆ ಜೊಲ್ಲು ತಾಗಿದ್ದರೆ ಲಸಿಕೆಯ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ ಬೇಕೇ ಬೇಕು. ಇದನ್ನು ಬಿಟ್ಟುಬಿಡುವುದೇ ಲಸಿಕೆ ಹಾಕಿಸಿಕೊಂಡವರೂ ಸಾಯುವುದಕ್ಕಿರುವ ಮುಖ್ಯ ಕಾರಣಗಳಲ್ಲೊಂದು. ಲಸಿಕೆಯಿಂದ ದೇಹ ತನ್ನದೇ ಪ್ರತಿಕಾಯ ತಯಾರಿಸಲು ಒಂದೆರಡು ವಾರ ಬೇಕು. ಅಲ್ಲಿಯವರೆಗೆ ಗಾಯದಲ್ಲೇ ವೈರಸ್ಸನ್ನು ತಡೆದು ನಿಲ್ಲಿಸುವುದು ಈ ಸಿದ್ಧ ಪ್ರತಿಕಾಯ. ಮನುಷ್ಯರ ರಕ್ತದಿಂದ ಮಾಡಿದ್ದಾದರೆ ದೇಹತೂಕದ ಪ್ರತಿ ಕಿಲೋಗೆ 20 ಯೂನಿಟ್, ಕುದುರೆಯಿಂದ ಮಾಡಿದ್ದಾದರೆ 40 ಯೂನಿಟ್. ಅದನ್ನು ತೋಳಿಗೆ ಚುಚ್ಚಿ ಮುಗಿಸುವಂತಿಲ್ಲ, ಗಾಯದೊಳಗೆ ಮತ್ತು ಸುತ್ತಲೂ ಹೋಗಬೇಕು. ಗಾಯಗಳು ಹಲವಿದ್ದು ಔಷಧಿ ಸಾಲದಿದ್ದರೆ ಸಲೈನ್ ಬೆರೆಸಿ ಎರಡು ಮೂರು ಪಟ್ಟು ಹೆಚ್ಚಿಸಿ ಎಲ್ಲ ಗಾಯಗಳಿಗೂ ಕೊಡುತ್ತಾರೆ. ಮೊದಲ ಲಸಿಕೆಯಾಗಿ ಏಳು ದಿನ ಕಳೆದ ಮೇಲೆ ಇದನ್ನು ಕೊಡುವುದಿಲ್ಲ.

ಲಸಿಕೆಯನ್ನು ಸ್ನಾಯುವಿಗೆ ಕೊಡುವುದಾದರೆ 0, 3, 7, 14, 28ನೇ ದಿನಗಳು ರೂಢಿಯಲ್ಲಿರುವ ಕ್ರಮ. ಚರ್ಮದ ಪದರದೊಳಗೆ ಕೊಡುವ ಕಡೆ 0, 3, 7ನೇ ದಿನ, ಹಲವೆಡೆ 28ನೇ ದಿನವೂ ಸೇರಿ, ಪ್ರತಿ ಸಲ ಎರಡು ಜಾಗದಲ್ಲಿ ಕೊಡುತ್ತಾರೆ. 0 ಎಂದರೆ ಮೊದಲ ಚುಚ್ಚುಮದ್ದು ಬಿದ್ದ ದಿನ, ಕಚ್ಚಿದ ದಿನವಲ್ಲ. ಹಾಗಾಗಿ ತಡವಾಗಿ ಹೋದವರೂ ‘ಇನ್ನು ಪ್ರಯೋಜನವಿಲ್ಲ’ ಎಂದು ಕೈಬಿಡಬಾರದು. ದೊಡ್ಡವರಿಗೆ ತೋಳಿನ ಮೇಲ್ಭಾಗ, ಪುಟ್ಟ ಮಕ್ಕಳಿಗೆ ತೊಡೆಯ ಮುಂಭಾಗ. ಪೃಷ್ಠದ ಕೊಬ್ಬಿನಲ್ಲಿ ಲಸಿಕೆ ಸರಿಯಾಗಿ ಕೆಲಸ ಮಾಡುವುದಿಲ್ಲ, ಅಲ್ಲಿ ಹಾಕಿಸಿಕೊಳ್ಳಬೇಡಿ. ಈ ಹಿಂದೆ ಪೂರ್ತಿ ಲಸಿಕೆ ಆದವರಿಗೆ 0 ಮತ್ತು 3ನೇ ದಿನದ ಎರಡು ಡೋಸ್ ಸಾಕು, ಇಮ್ಯುನೊಗ್ಲಾಬ್ಯುಲಿನ್ ಬೇಡ. ಟೆಟನಸ್ ಇಂಜೆಕ್ಷನ್ ಯಾವಾಗ ಆಗಿತ್ತು ಎಂದೂ ವೈದ್ಯರಿಗೆ ತಿಳಿಸಿ.

ಹತ್ತು ದಿನ ನಾಯಿಯ ಮೇಲೆ ಕಣ್ಣಿಡುವ ಮಾತನ್ನು ನೀವು ಕೇಳಿರುತ್ತೀರಿ. ಅದು ಸರಿ. ಆದರೆ ಚಿಕಿತ್ಸೆ ಶುರುಮಾಡಿ ಕಣ್ಣಿಡಬೇಕು, ಕಾಯುತ್ತ ಕೂರಬಾರದು. ಸೋಂಕಿದ ನಾಯಿಯ ಜೊಲ್ಲಿನಲ್ಲಿ ವೈರಸ್ ಬರುವುದು ಲಕ್ಷಣ ಕಾಣುವ ಕೆಲವೇ ದಿನ ಮೊದಲು, ಲಕ್ಷಣ ಕಂಡ ಮೇಲೆ ಅದು ಬೇಗ ಸಾಯುತ್ತದೆ. ಆದ್ದರಿಂದ ಕಚ್ಚಿದ ನಾಯಿ ಹತ್ತು ದಿನದ ನಂತರವೂ ಆರೋಗ್ಯವಾಗಿದ್ದರೆ ಕಚ್ಚುವಾಗ ಅದರ ಬಾಯಲ್ಲಿ ವೈರಸ್ ಇರಲಿಲ್ಲ ಎಂದರ್ಥ, ಉಳಿದ ಡೋಸ್‌ಗಳನ್ನು ವೈದ್ಯರು ನಿಲ್ಲಿಸಬಹುದು. ಈ ಲೆಕ್ಕ ನಾಯಿ, ಬೆಕ್ಕುಗಳಿಗೆ ಮಾತ್ರ. ಯಾವ ನಾಯಿ ಎಂದೇ ಗೊತ್ತಿಲ್ಲದಿದ್ದರೆ ಪೂರ್ತಿ ಡೋಸ್ ಮುಗಿಸಬೇಕು.

ಎಲ್ಲವನ್ನೂ ಕೂಡಿಹಾಕಿದರೆ?

ಇದು ಸಿಟ್ಟಿನಲ್ಲಿ ಹುಟ್ಟುವ ಪ್ರಶ್ನೆಯಾದರೂ ಲೆಕ್ಕ ಹಾಕಿ ಉತ್ತರಿಸಬೇಕಾದ ಪ್ರಶ್ನೆ. ಹತ್ತು ಸಾವಿರ ನಾಯಿಗಳ ಆಶ್ರಯಧಾಮ ಎಂದಿಟ್ಟುಕೊಳ್ಳಿ. 15 ಕಿಲೋ ತೂಗುವ ನಾಯಿಗೆ ದಿನಕ್ಕೆ 250ರಿಂದ 300 ಗ್ರಾಂ ಒಣ ಆಹಾರ ಬೇಕು. ಅಂದರೆ ದಿನಕ್ಕೆ ಎರಡೂವರೆಯಿಂದ ಮೂರು ಟನ್. ಗೂಡು ತೊಳೆಯಲು 9 ನಿಮಿಷ, ಊಟ ನೀರಿಗೆ 6 ನಿಮಿಷ, ಒಟ್ಟು ಪ್ರತಿ ನಾಯಿಗೆ ದಿನಕ್ಕೆ 15 ನಿಮಿಷ ಎಂಬುದು ಆಶ್ರಯಧಾಮಗಳಲ್ಲಿ ಬಳಸುವ ಕನಿಷ್ಠ ಅಳತೆ. ಹತ್ತು ಸಾವಿರಕ್ಕೆ ಅದು 2,500 ಗಂಟೆ, ಎಂಟು ಗಂಟೆಯ ಪಾಳಿಯಲ್ಲಿ 313 ಜನ. ಭಾನುವಾರವೂ ಸೇರಿ, ನಾಯಿ ಬದುಕಿರುವವರೆಗೂ. ಇದರಲ್ಲಿ ವೈದ್ಯರು, ಔಷಧಿ, ಗಾಯಾಳುಗಳು ಸೇರಿಲ್ಲ. ಖರ್ಚು ಕಡಿಮೆ ಮಾಡಲು ಒಂದೇ ಆವರಣದಲ್ಲಿ ಹತ್ತಾರು ಅಪರಿಚಿತ ನಾಯಿಗಳನ್ನು ತುಂಬಿದರೆ ಕಾದಾಟ ಶುರು. ಲಸಿಕೆಯಾಗದ ನಾಯಿಗಳ ನಡುವೆ ಪಾರ್ವೊ, ಡಿಸ್ಟೆಂಪರ್‌ನಂಥ ಸೋಂಕು ರೋಗಗಳು ಹೊಕ್ಕರೆ ಮರಿಗಳಿಂದ ಶುರುವಾಗಿ ಸಾಲುಸಾಲು ಸಾವು. ಹೀಗೆ ತುಂಬಿದ ಜಾಗಗಳು ಹೆಸರಿಗೆ ಮಾತ್ರ ಆಶ್ರಯ.

ಅತ್ತ, ಖಾಲಿಯಾದ ಬೀದಿ ಖಾಲಿಯಾಗಿ ಉಳಿಯುವುದಿಲ್ಲ. ನಾಯಿಗಳು ಅಲ್ಲಿದ್ದದ್ದು ಅಲ್ಲಿ ಅನ್ನವಿದ್ದದ್ದರಿಂದ. ಕಸ ಹಾಗೇ ಇದ್ದರೆ ಪಕ್ಕದ ಬೀದಿಯವು ಬರುತ್ತವೆ ಎನ್ನುವುದು ಎಲ್ಲರಿಗೂ ಗೊತ್ತು. ಅಷ್ಟಾಗಿ ಯಾರೂ ಗಮನಿಸದ ಇನ್ನೊಂದು ಕಾರಣವಿದೆ. ಹಿಡಿಯುವವರ ಕೈಗೆ ಸಿಗದೆ ಉಳಿದ ಕೆಲವು ನಾಯಿಗಳಿಗೆ ಈಗ ಪೈಪೋಟಿಯಿಲ್ಲ, ಅವುಗಳ ಮರಿಗಳು ಹಿಂದಿಗಿಂತ ಹೆಚ್ಚಾಗಿ ಬದುಕುತ್ತವೆ. ಜೊತೆಗೆ ಮನೆಗಳಿಂದ ಬೀದಿಗೆ ಬಿಡುವವರು ಬಿಡುತ್ತಲೇ ಇರುತ್ತಾರೆ.

ಕೊಲ್ಲುವ ದಾರಿಯನ್ನು ಜಗತ್ತು ಬೇಕಾದಷ್ಟು ಸಲ ಪರೀಕ್ಷಿಸಿ ನೋಡಿದೆ. ಇಂಡೊನೇಷ್ಯಾದ ಫ್ಲೊರೆಸ್ ದ್ವೀಪಕ್ಕೆ 1997ರಲ್ಲಿ ರೇಬೀಸ್ ಬಂದಾಗ ಅಲ್ಲಿನ ನಾಯಿಗಳಲ್ಲಿ ಸುಮಾರು ಅರ್ಧದಷ್ಟನ್ನು ಕೊಂದರು, ರೋಗ ಉಳಿದುಕೊಂಡಿತು. ಬಾಲಿಗೆ 2008ರಲ್ಲಿ ಬಂದಾಗಲೂ ಮೊದಲು ಕೊಲ್ಲಲು ಹೊರಟರು. ರೋಗ ಇಳಿಯತೊಡಗಿದ್ದು ದ್ವೀಪದುದ್ದಕ್ಕೂ ಲಸಿಕೆ ಹಾಕಲು ಶುರುಮಾಡಿದ ಮೇಲೆ. ಮೆಕ್ಸಿಕೊ ದಶಕಗಳ ಕಾಲ ವರ್ಷ ತಪ್ಪದೆ ನಾಯಿಗಳಿಗೆ ಉಚಿತ ಲಸಿಕೆ ಅಭಿಯಾನ ನಡೆಸಿತು. ನಾಯಿಯಿಂದ ಮನುಷ್ಯರಿಗೆ ಬರುವ ರೇಬೀಸನ್ನು ನಿರ್ಮೂಲ ಮಾಡಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಮಾನ್ಯತೆಯನ್ನು 2019ರಲ್ಲಿ ಪಡೆದ ಮೊದಲ ದೇಶ ಅದು. ಕೊಲ್ಲುವುದು ಸೋಲಲು ಒಂದು ಸರಳ ಕಾರಣವೂ ಇದೆ: ಸುಲಭವಾಗಿ ಸಿಗುವುದು ಜನರ ಹತ್ತಿರವಿರುವ, ಆಗಲೇ ಲಸಿಕೆ ಬಿದ್ದಿರುವ ಸಾಧು ನಾಯಿ. ಅದು ಹೋದ ಜಾಗಕ್ಕೆ ಬರುವುದು ಲಸಿಕೆಯಿಲ್ಲದ ಹೊಸ ನಾಯಿ.

ನಿಮ್ಮ ಬಡಾವಣೆಯಲ್ಲಿ ಏನು ತಪ್ಪಿದೆ

ಸಂತಾನಹರಣ ಕಾರ್ಯಕ್ರಮ ಕೆಲಸ ಮಾಡುವುದಿಲ್ಲ ಎನ್ನುವವರಿಗೂ ಅದೊಂದೇ ಪರಿಹಾರ ಎನ್ನುವವರಿಗೂ ನಮ್ಮ ಉತ್ತರ ಒಂದೇ: ಒಂದು ಜಾಗದಲ್ಲಿ, ಕಡಿಮೆ ಅವಧಿಯಲ್ಲಿ, ಎಷ್ಟು ಶೇಕಡಾ ಹೆಣ್ಣುಗಳಿಗೆ ಆಯಿತು ಎಂದು ಕೇಳಿ. ಒಟ್ಟು ಎಷ್ಟು ಆಪರೇಷನ್ ಆಯಿತು ಎಂಬ ಸಂಖ್ಯೆ ಏನನ್ನೂ ಹೇಳುವುದಿಲ್ಲ.

ನಗರದಲ್ಲಿ ಒಂದು ಲಕ್ಷ ನಾಯಿಗಳಿವೆ, ದಿನಕ್ಕೆ 50 ಆಪರೇಷನ್, ವರ್ಷಕ್ಕೆ 300 ದಿನ ಕೆಲಸ ಎಂದುಕೊಳ್ಳೋಣ. ವರ್ಷಕ್ಕೆ 15,000. ಎಪ್ಪತ್ತು ಶೇಕಡಾ, ಅಂದರೆ ಎಪ್ಪತ್ತು ಸಾವಿರ ಮುಟ್ಟಲು ನಾಲ್ಕೂಮುಕ್ಕಾಲು ವರ್ಷದ ಹತ್ತಿರ. ಬೀದಿನಾಯಿಯ ಆಯುಸ್ಸು ಮನೆನಾಯಿಯಷ್ಟು ಉದ್ದವಲ್ಲ, ವಾಹನ, ರೋಗ, ಹಸಿವಿಗೆ ಬೇಗ ಹೋಗುತ್ತದೆ. ಹಾಗಾಗಿ ಮೊದಲ ವರ್ಷ ಆಪರೇಷನ್ ಆದ ನಾಯಿಗಳಲ್ಲಿ ಬಹಳಷ್ಟು ಐದನೇ ವರ್ಷಕ್ಕೆ ಬದುಕಿರುವುದೇ ಇಲ್ಲ. ತೂತು ಕೊಡದಲ್ಲಿ ನೀರು ಹೊತ್ತ ಹಾಗೆ. ಅದೇ ತಂಡ, ಅದೇ ದಿನಕ್ಕೆ 50, ಆದರೆ 2,000 ನಾಯಿಗಳಿರುವ ಒಂದು ವಾರ್ಡ್‌ನಲ್ಲೇ ನಿಂತರೆ ಎಪ್ಪತ್ತು ಶೇಕಡಾ ಎಂದರೆ 1,400, ಇಪ್ಪತ್ತೆಂಟು ಕೆಲಸದ ದಿನ. ಆಮೇಲೆ ಅದಕ್ಕೆ ಅಂಟಿಕೊಂಡ ಪಕ್ಕದ ವಾರ್ಡ್. ದೂರು ಬಂದಲ್ಲೆಲ್ಲ ವ್ಯಾನ್ ಓಡಿಸಿದರೆ ದೂರುದಾರರಿಗೆ ಸಮಾಧಾನ, ನಾಯಿಗಳ ಸಂಖ್ಯೆಗೆ ಏನೂ ಆಗುವುದಿಲ್ಲ. ನಿಮ್ಮಲ್ಲಿ ಆಗುತ್ತಿರುವುದು ಹೆಚ್ಚುಕಡಿಮೆ ಇದೇ.

ಜೈಪುರದ ದಾಖಲೆ ಇಲ್ಲಿ ಉಪಯುಕ್ತ. 1994ರಿಂದ 2002ರವರೆಗೆ ನಗರದ ಒಂದು ಗೊತ್ತಾದ ಭಾಗದಲ್ಲಿ ಸುಮಾರು 25,000 ನಾಯಿಗಳನ್ನು ಹಿಡಿದು ಕೆಲಸ ಮಾಡಿದರು. ಹೆಣ್ಣುಗಳಲ್ಲಿ 65 ಶೇಕಡಾಕ್ಕೆ ಸಂತಾನಹರಣ ಮತ್ತು ಲಸಿಕೆ ಆಗಿತ್ತು. ನಾಯಿಗಳ ಸಂಖ್ಯೆ 28 ಶೇಕಡಾ ಇಳಿಯಿತು, ಆ ಭಾಗದಲ್ಲಿ ಮನುಷ್ಯರ ರೇಬೀಸ್ ಪ್ರಕರಣಗಳು ಸೊನ್ನೆಗೆ ಬಂದವು. ಇದರ ಎರಡೂ ಮುಖ ನೋಡಿ. ರೋಗದ ಮೇಲೆ ಪರಿಣಾಮ ದೊಡ್ಡದು. ಸಂಖ್ಯೆಯ ಮೇಲೆ ಎಂಟು ವರ್ಷಕ್ಕೆ ಕಾಲು ಭಾಗಕ್ಕಿಂತ ತುಸು ಹೆಚ್ಚು. ಎರಡು ವರ್ಷದಲ್ಲಿ ಬೀದಿ ಖಾಲಿ ಮಾಡುತ್ತೇವೆ ಎಂದು ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ.

ಮೊದಲು ಎಣಿಸಿ

ಸಂಘ ಮಾಡಬಹುದಾದ ಅತಿ ಮುಖ್ಯ ಕೆಲಸ ಇದು, ಖರ್ಚೂ ಇಲ್ಲ. ಬೆಳಗಿನ ಐದೂವರೆಯಿಂದ ಏಳರೊಳಗೆ, ವಾಹನ ಓಡಾಟ ಶುರುವಾಗುವ ಮೊದಲು, ಇಬ್ಬಿಬ್ಬರ ತಂಡ ಪ್ರತಿ ಬೀದಿಯನ್ನೂ ಒಂದೇ ಒಂದು ಸಲ ನಡೆದು ಕಂಡ ಪ್ರತಿ ನಾಯಿಯ ಫೋಟೊ ತೆಗೆಯಲಿ. ಗಂಡೋ ಹೆಣ್ಣೋ, ಮರಿಯೋ ದೊಡ್ಡದೋ, ಮೊಲೆ ಇಳಿಬಿದ್ದ ಹಾಲೂಡಿಸುವ ತಾಯಿಯೋ, ಕಿವಿಯಲ್ಲಿ ಆಪರೇಷನ್ ಗುರುತಿನ ಕಚ್ಚು ಇದೆಯೋ ಎಂದು ಬರೆದುಕೊಳ್ಳಲಿ. ಒಂದೆರಡು ದಿನ ಬಿಟ್ಟು ಅದೇ ಹೊತ್ತಿಗೆ, ಅದೇ ದಾರಿಯಲ್ಲಿ ಮತ್ತೊಮ್ಮೆ.

ಮೊದಲ ದಿನ 40 ಕಂಡವು, ಎರಡನೇ ದಿನ 36, ಅವುಗಳಲ್ಲಿ 24 ಮೊದಲ ದಿನದವೇ. 40ನ್ನು 36ರಿಂದ ಗುಣಿಸಿ 24ರಿಂದ ಭಾಗಿಸಿ: 60. ಕಣ್ಣಿಗೆ ಬಿದ್ದದ್ದು ಎಷ್ಟೇ ಇರಲಿ, ಬಡಾವಣೆಯಲ್ಲಿ ಅರುವತ್ತರ ಆಸುಪಾಸು ನಾಯಿಗಳಿವೆ. ಎರಡು ಎಣಿಕೆಗಳ ನಡುವೆ ವಾರಗಳು ಕಳೆದರೆ, ಅಥವಾ ಅಷ್ಟರಲ್ಲಿ ವ್ಯಾನ್ ಬಂದು ಹೋಗಿದ್ದರೆ ಈ ಲೆಕ್ಕ ಕೆಡುತ್ತದೆ. ಮಳೆಯ ಬೆಳಿಗ್ಗೆಯೂ ಬೇಡ.

ಈಗ ಆ ಅರುವತ್ತರಲ್ಲಿ 28 ಹೆಣ್ಣು, ಆ ಹೆಣ್ಣುಗಳಲ್ಲಿ ಕಿವಿ ಕಚ್ಚು ಇರುವವು 12 ಎಂದಿಟ್ಟುಕೊಳ್ಳಿ. 43 ಶೇಕಡಾ. ಎಂಬತ್ತು ಶೇಕಡಾ ತಲುಪಬೇಕೆಂದರೆ ಇನ್ನು 11 ಹೆಣ್ಣುಗಳನ್ನು ಹಿಡಿಯಬೇಕು, ಅಷ್ಟೇ. ಆ ಹನ್ನೊಂದನ್ನು ಹಾಗೇ ಬಿಟ್ಟರೆ? ನಾಯಿಯ ಗರ್ಭಾವಧಿ ಸುಮಾರು 63 ದಿನ, ಹೆಣ್ಣು ಆರರಿಂದ ಹತ್ತು ತಿಂಗಳಿಗೇ ಮೊದಲ ಸಲ ಬೆದೆಗೆ ಬರುತ್ತದೆ, ವರ್ಷಕ್ಕೆ ಎರಡು ಸಲ ಬರಬಹುದು. ಒಂದು ಸೂಲಿಗೆ ಐದು ಮರಿಯಂತೆ ವರ್ಷಕ್ಕೆ 55ರಿಂದ 110 ಮರಿಗಳು. ಐದರಲ್ಲಿ ನಾಲ್ಕು ಸತ್ತರೂ 11ರಿಂದ 22 ಉಳಿಯುತ್ತವೆ. ದೊಡ್ಡ ನಾಯಿಗಳಲ್ಲಿ ವರ್ಷಕ್ಕೆ ಕಾಲು ಭಾಗ, ಅಂದರೆ 15 ಸತ್ತರೆ, ಆ ಜಾಗ ಸರಿಯಾಗಿ ತುಂಬಿಹೋಯಿತು. ಮೂರು ವರ್ಷ ಆಪರೇಷನ್ ನಡೆದೂ ಸಂಖ್ಯೆ ಅಲುಗದಿರುವ ಗುಟ್ಟು ಇಷ್ಟೇ. ನಿಮ್ಮ ನಿಜವಾದ ಅಂಕಿಗಳು ಬೇರೆ ಇರುತ್ತವೆ. ಆದರೂ ಒಂದು ಬಡಾವಣೆಯ ಮಟ್ಟಿಗೆ ಬಾಕಿ ಉಳಿದ ಹೆಣ್ಣುಗಳು ಬೆರಳೆಣಿಕೆಯಷ್ಟೇ ಇರುತ್ತವೆ, ಒಂದೊಂದನ್ನೂ ಫೋಟೊ ಹಿಡಿದು ಗುರುತಿಸಬಹುದು. ಪಾಲಿಕೆಗೆ ‘ನಾಯಿ ಕಾಟ ಹೆಚ್ಚಾಗಿದೆ’ ಎಂದು ಬರೆಯುವುದಕ್ಕೂ ಹನ್ನೊಂದು ಫೋಟೊ, ಬೀದಿಯ ಹೆಸರು, ಅವು ಮಲಗುವ ಜಾಗ, ಸಿಗುವ ಹೊತ್ತು ಕೊಡುವುದಕ್ಕೂ ಬಹಳ ವ್ಯತ್ಯಾಸವಿದೆ.

ಗಂಡುಗಳ ಲೆಕ್ಕ ಬೇರೆ. ಒಂದೇ ಗಂಡು ಹಲವು ಹೆಣ್ಣುಗಳಿಗೆ ಸಾಕು. ಹಾಗಾಗಿ ಹತ್ತು ಗಂಡುಗಳಲ್ಲಿ ಒಂಬತ್ತಕ್ಕೆ ಆಪರೇಷನ್ ಮಾಡಿದರೂ ಹುಟ್ಟುವ ಮರಿಗಳು ಹೆಚ್ಚು ಕಡಿಮೆಯಾಗುವುದಿಲ್ಲ. ಗಂಡು ಹಿಡಿಯಲು ಸುಲಭ, ಆಪರೇಷನ್ ಬೇಗ ಮುಗಿಯುತ್ತದೆ, ಖರ್ಚೂ ಕಡಿಮೆ. ಒಟ್ಟು ಸಂಖ್ಯೆಗೆ ಹಣ ಸಿಗುವ ಕಡೆ ಪಟ್ಟಿಯಲ್ಲಿ ಗಂಡುಗಳೇ ತುಂಬಿಕೊಳ್ಳುವ ಅಪಾಯ ಇಲ್ಲಿದೆ. ಗಂಡು ಹೆಣ್ಣಿನ ಅಂಕಿ ಬೇರೆಬೇರೆಯಾಗಿ ಕೊಡಿ ಎಂದು ಕೇಳಿ. ಲಸಿಕೆಯಲ್ಲಿ ಮಾತ್ರ ಈ ಭೇದವಿಲ್ಲ, ಗಂಡು, ಹೆಣ್ಣು, ಮೂರು ತಿಂಗಳೊಳಗಿನ ಮರಿ ಎಲ್ಲಕ್ಕೂ ಬೀಳಬೇಕು.

ಹಿಡಿಯುವಾಗ, ಬಿಡುವಾಗ

ಮೊದಲ ಐವತ್ತು ಶೇಕಡಾ ನಾಯಿಗಳು ಸಲೀಸಾಗಿ ಸಿಗುತ್ತವೆ. ಆಮೇಲಿನವು ವ್ಯಾನಿನ ಸದ್ದನ್ನೇ ಗುರುತಿಸಿ ಓಡುತ್ತವೆ. ಬಹಳ ಕಾರ್ಯಕ್ರಮಗಳು ಕುಂಟುವುದು ಇಲ್ಲೇ. ಇಂಥ ನಾಯಿಗೆ ಎರಡು ಕಡೆ ಬಲೆ ಹಿಡಿದು ಓಣಿ ಮುಚ್ಚಬೇಕು, ನಸುಕಿನಲ್ಲಿ ಮಲಗಿದ್ದಾಗ ಹೋಗಬೇಕು, ಉದ್ದ ಹಿಡಿಯ ಕೈಬಲೆ ಬೇಕು. ಇವೆಲ್ಲಕ್ಕಿಂತ ಉಪಯೋಗಕ್ಕೆ ಬರುವುದು ದಿನಾ ಊಟ ಹಾಕುವವರ ಸಹಾಯ. ಅವರ ಕೈಗೆ ನಾಯಿ ತಾನಾಗಿ ಬರುತ್ತದೆ. ಬಡಾವಣೆಯಲ್ಲಿ ಊಟ ಹಾಕುವವರಿಗೂ ವಿರೋಧಿಸುವವರಿಗೂ ಜಗಳ ಹತ್ತಿದ್ದರೆ ಊಟ ಹಾಕುವವರು ನಾಯಿಯನ್ನು ಬಚ್ಚಿಡುತ್ತಾರೆ, ಕೆಲಸ ಅಲ್ಲಿಗೇ ನಿಲ್ಲುತ್ತದೆ. ಇಕ್ಕಳದಿಂದ ಕತ್ತು ಹಿಡಿಯುವುದು, ತಂತಿಯ ಕುಣಿಕೆ ಹಾಕಿ ಎಳೆಯುವುದು ಗಾಯ ಮಾಡುತ್ತದೆ. ಅದನ್ನು ಕಂಡ ಉಳಿದ ನಾಯಿಗಳು ಮುಂದಿನ ಸಲ ಹತ್ತಿರವೂ ಸುಳಿಯುವುದಿಲ್ಲ.

ಹಿಡಿದ ಕೂಡಲೇ ಪ್ರತಿ ನಾಯಿಗೆ ಸಂಖ್ಯೆಯ ಪಟ್ಟಿ, ಫೋಟೊ, ಹಿಡಿದ ಜಾಗದ ಗುರುತು ಬೇಕು. ಇದಿಲ್ಲದೆ ನಾಲ್ಕು ಬೀದಿ ಆಚೆ ಬಿಟ್ಟರೆ ಅಲ್ಲಿನ ಹಿಂಡು ಅದನ್ನು ಅಟ್ಟುತ್ತದೆ. ಗಾಬರಿಗೊಂಡು ಅಲೆಯುವ ನಾಯಿ ಜನರ ಮೇಲೂ ಹಾಯುತ್ತದೆ. ನಾಯಿಗಳ ಕಾದಾಟ ಇದ್ದಕ್ಕಿದ್ದಂತೆ ಹೆಚ್ಚಾದರೆ ಹೀಗೆ ತಪ್ಪು ಜಾಗಕ್ಕೆ ಬಿಟ್ಟ ನಾಯಿಗಳಿವೆಯೇ ಎಂದು ಮೊದಲು ನೋಡಿ.

ಹೆಣ್ಣಿಗೆ ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆಯುತ್ತಾರೆ. ಅಂಡಾಶಯದ ಚೂರು ಒಳಗುಳಿದರೆ ನಾಯಿ ಮತ್ತೆ ಬೆದೆಗೆ ಬರುತ್ತದೆ. ಕಿವಿ ಕಚ್ಚು ಇದ್ದೂ ಗಂಡುಗಳು ಮುತ್ತುತ್ತಿರುವ ಹೆಣ್ಣನ್ನು ಕಂಡರೆ ದಾಖಲಿಸಿ ತಿಳಿಸಿ. ಹೊಲಿಗೆ ತಾನಾಗಿ ಕರಗುವ ದಾರದ್ದಾಗಿ, ಚರ್ಮದೊಳಗೇ ಇರಬೇಕು, ಏಕೆಂದರೆ ಹೊಲಿಗೆ ಬಿಚ್ಚಲು ಬೀದಿನಾಯಿಯನ್ನು ಯಾರೂ ಮತ್ತೆ ತರುವುದಿಲ್ಲ. ಆಪರೇಷನ್ ಆದ ಮೇಲೆ ಹೆಣ್ಣನ್ನು ನಾಲ್ಕೈದು ದಿನ, ಗಂಡನ್ನು ಸುಮಾರು ಮೂರು ದಿನ ಇಟ್ಟುಕೊಂಡು, ಗಾಯ ಒಣಗಿದೆಯೇ ನೋಡಿ ಬಿಡಬೇಕು. ಮರುದಿನವೇ ಬಿಟ್ಟ ನಾಯಿ ಗಾಯ ನೆಕ್ಕಿ, ಹೊಲಿಗೆ ಬಿಚ್ಚಿ, ಕರುಳು ಹೊರಬಂದು ಸತ್ತರೆ ಆ ಬೀದಿಯವರು ಮುಂದೆಂದೂ ನಾಯಿ ಹಿಡಿಯಲು ಬಿಡುವುದಿಲ್ಲ.

ಗೂಡುಗಳ ಸಂಖ್ಯೆಯನ್ನು ಕೇಳಿದರೆ ಕೇಂದ್ರದ ನಿಜವಾದ ಸಾಮರ್ಥ್ಯ ತಿಳಿಯುತ್ತದೆ. ಪ್ರತಿ ನಾಯಿ ಹಿಂದೆ ಮುಂದೆ ಸೇರಿ ಐದು ದಿನ ಇರುತ್ತದೆ ಎಂದಾದರೆ ದಿನಕ್ಕೆ 50 ಆಪರೇಷನ್‌ಗೆ 250 ಗೂಡು ಬೇಕು. ನೂರೇ ಗೂಡಿರುವ ಕೇಂದ್ರ ಐವತ್ತರ ಲೆಕ್ಕ ತೋರಿಸಿದರೆ ಒಂದೋ ನಾಯಿಗಳನ್ನು ಬೇಗ ಬಿಡುತ್ತಿದ್ದಾರೆ, ಇಲ್ಲವೇ ಒಂದೇ ಗೂಡಿಗೆ ಎರಡು ಮೂರು ತುರುಕುತ್ತಿದ್ದಾರೆ, ಅಥವಾ ಲೆಕ್ಕವೇ ಸುಳ್ಳು.

ಹಾಲೂಡಿಸುವ ತಾಯಿಯನ್ನು ಎಳೆಮರಿಗಳಿಂದ ಬಿಡಿಸಿ ಒಯ್ಯಬಾರದು, ಮರಿಗಳು ಸಾಯುತ್ತವೆ. ಮರಿಗಳಿಗೆ ಎರಡು ತಿಂಗಳಾಗುವವರೆಗೆ ಕಾದು, ದಿನಾಂಕ ಬರೆದಿಟ್ಟುಕೊಂಡು ಆಮೇಲೆ ಹಿಡಿಸಿ. ಬರೆದಿಡದಿದ್ದರೆ ಮರೆತೇಹೋಗುತ್ತದೆ, ಅದು ಮತ್ತೆ ಬೆದೆಗೆ ಬಂದಿರುತ್ತದೆ. ತಂಡ ಆರು ತಿಂಗಳಿಗೊಮ್ಮೆ ಮರಳಿ ಬಂದು ಕಿವಿ ಕಚ್ಚಿಲ್ಲದ ಹೊಸ ಹೆಣ್ಣುಗಳನ್ನು ಹಿಡಿಯಬೇಕು. ಮೊದಲ ಸುತ್ತಿನಲ್ಲಿ ಮರಿಗಳಾಗಿದ್ದವು ಅಷ್ಟರಲ್ಲಿ ತಾಯಾಗುವ ವಯಸ್ಸಿಗೆ ಬಂದಿರುತ್ತವೆ. ಒಂದು ಸುತ್ತು ಮುಗಿಸಿ ಕೈತೊಳೆದುಕೊಂಡರೆ ಎರಡು ವರ್ಷದಲ್ಲಿ ಮೊದಲಿನ ಸ್ಥಿತಿ.

ಆಪರೇಷನ್ ಆದ ದಿನ ಹಾಕಿದ ರೇಬೀಸ್ ಲಸಿಕೆ ಜೀವಮಾನಕ್ಕೆ ಸಾಲದು, ಇದನ್ನು ಬಹಳ ಕಡೆ ಮರೆಯುತ್ತಾರೆ. ಲಸಿಕೆ ಅಭಿಯಾನ ವರ್ಷಕ್ಕೊಮ್ಮೆ ಪ್ರತ್ಯೇಕವಾಗಿ ನಡೆಯಬೇಕು, 70 ಶೇಕಡಾ ನಾಯಿಗಳನ್ನು ಮುಟ್ಟಬೇಕು. ಲಸಿಕೆ ಬಿದ್ದವುಗಳಿಗೆ ಬಣ್ಣದ ಗುರುತು ಹಾಕಿ, ಮರುದಿನ ಬೆಳಿಗ್ಗೆ ಒಂದು ಸುತ್ತು ಎಣಿಸಿದರೆ ಎಷ್ಟಾಯಿತೆಂದು ಗೊತ್ತಾಗುತ್ತದೆ. ಬಾಟಲಿಗಳು 2ರಿಂದ 8 ಡಿಗ್ರಿಯಲ್ಲಿರಬೇಕು. ಬಿಸಿಲಲ್ಲಿ ನಿಂತ ವ್ಯಾನಿನ ಡ್ಯಾಶ್‌ಬೋರ್ಡ್ ಮೇಲಿಟ್ಟ ಲಸಿಕೆಯಿಂದ ನಾಯಿಗೆ ಸೂಜಿ ನೋವಷ್ಟೇ ಉಳಿಯುತ್ತದೆ.

ಕಡಿತ, ಅಟ್ಟಿಸಿಕೊಂಡು ಬರುವುದು

ಆರು ತಿಂಗಳು ಒಂದು ಪುಸ್ತಕ ಇಡಿ: ದಿನ, ಹೊತ್ತು, ಜಾಗ, ನಾಯಿಯ ಬಣ್ಣ, ಆಗ ವ್ಯಕ್ತಿ ಏನು ಮಾಡುತ್ತಿದ್ದರು. ಸಾಮಾನ್ಯವಾಗಿ ಕಡಿತಗಳು ಎಲ್ಲ ನಾಯಿಗಳಿಗೂ ಸಮನಾಗಿ ಹಂಚಿಕೆಯಾಗಿರುವುದಿಲ್ಲ, ಕೆಲವೇ ನಾಯಿಗಳ, ಕೆಲವೇ ಜಾಗಗಳ ಸುತ್ತ ಕಾಣಿಸುತ್ತವೆ. ಮರಿ ಹಾಕಿದ ತಾಯಿ, ಊಟದ ಜಾಗ, ಬೆದೆಗೆ ಬಂದ ಹೆಣ್ಣಿನ ಹಿಂದಿರುವ ಗಂಡುಗಳ ಗುಂಪು, ಮಲಗಿದ್ದಾಗ ಬಾಲ ತುಳಿಸಿಕೊಂಡ ನಾಯಿ, ಇವೇ ಹೆಚ್ಚು. ಮರಿಗಳು ಹುಟ್ಟುವುದು ನಿಂತರೆ ತಾಯಿಯ ಕಡಿತ ತಾನೇ ನಿಲ್ಲುತ್ತದೆ, ಸಂತಾನಹರಣದಿಂದ ಕಡಿತ ಇಳಿಯುವುದು ಮುಖ್ಯವಾಗಿ ಈ ದಾರಿಯಲ್ಲಿ. ಪುಸ್ತಕದಲ್ಲಿ ಸಾಕುನಾಯಿಗಳೂ ಬರುತ್ತವೆ, ಬರೆಯಲು ಮುಜುಗರ ಬೇಡ. ಬೆಳಿಗ್ಗೆ ಗೇಟು ತೆಗೆದು ತಿರುಗಾಡಲು ಬಿಡುವ ಮನೆಯ ನಾಯಿ ಈ ಮಟ್ಟಿಗೆ ಬೀದಿನಾಯಿಯೇ.

ಕೆರಳಿಸದೆಯೇ ಮತ್ತೆ ಮತ್ತೆ ಕಚ್ಚುವ ನಾಯಿಯನ್ನು ಹಿಡಿಸಿ, ಪ್ರತ್ಯೇಕವಾಗಿಟ್ಟು ಪಶುವೈದ್ಯರು ನೋಡಬೇಕು. ಅದನ್ನು ಅದೇ ಬೀದಿಗೆ ತಂದು ಬಿಡಬೇಕೆಂದು ನಾವು ಹೇಳುವುದಿಲ್ಲ. ಅರುವತ್ತು ನಾಯಿಗಳ ವಿರುದ್ಧ ದೂರು ಕೊಟ್ಟರೆ ಏನೂ ನಡೆಯುವುದಿಲ್ಲ, ದಾಖಲೆಯಿರುವ ಒಂದೇ ನಾಯಿಯ ವಿಷಯದಲ್ಲಿ ನಡೆಯುತ್ತದೆ.

ರೇಬೀಸ್ ಶಂಕೆಯ ನಾಯಿ ಬೇರೆಯೇ ತುರ್ತು. ಸ್ವಭಾವ ಹಠಾತ್ತನೆ ಬದಲಾಗುವುದು, ದನಿ ಒಡೆದಂತೆ ಬೊಗಳುವುದು, ಗೊತ್ತುಗುರಿಯಿಲ್ಲದೆ ಓಡುತ್ತ ಕಲ್ಲು ಕಟ್ಟಿಗೆಯನ್ನೂ ಕಚ್ಚುವುದು, ಜೊಲ್ಲು, ಹಿಂಗಾಲು ಸೋಲುವುದು. ಇನ್ನೊಂದು ರೂಪದಲ್ಲಿ ನಾಯಿ ಮಂಕಾಗಿ ದವಡೆ ಜೋತುಬಿದ್ದು ಕೂರುತ್ತದೆ. ಗಂಟಲಲ್ಲಿ ಮೂಳೆ ಸಿಕ್ಕಿದೆ ಎಂದು ಬಾಯಿಗೆ ಕೈ ಹಾಕುವವರು ಇಲ್ಲೇ ಸಿಕ್ಕಿಬೀಳುತ್ತಾರೆ. ನೀರಿಗೆ ಹೆದರುವುದು ಮನುಷ್ಯರ ಲಕ್ಷಣ. ನಾಯಿ ನೀರು ಕುಡಿಯಿತು, ಆದ್ದರಿಂದ ಹುಚ್ಚಿಲ್ಲ ಎನ್ನುವಂತಿಲ್ಲ.

ರಾತ್ರಿ ಬೈಕ್ ಹಿಂದೆ ಓಡುವುದು ಚಲನೆ ಕೆರಳಿಸುವ ಓಟ. ವೇಗ ಹೆಚ್ಚಿಸಿದರೆ ಓಟ ಜೋರಾಗುತ್ತದೆ, ಬಿದ್ದು ಗಾಯವಾಗುವುದೇ ಹೆಚ್ಚು. ನಿಧಾನಿಸಿ, ಬೇಕಾದರೆ ನಿಲ್ಲಿಸಿ. ಬಹುಪಾಲು ನಾಯಿಗಳು ಅಲ್ಲೇ ನಿಲ್ಲುತ್ತವೆ. ನಡೆಯುವಾಗ ಎದುರಾದರೆ ಓಡಬೇಡಿ, ಕಣ್ಣಲ್ಲಿ ಕಣ್ಣಿಡಬೇಡಿ, ಪಕ್ಕಕ್ಕೆ ತಿರುಗಿ ನಿಂತು ಮೆಲ್ಲಗೆ ಹಿಂದೆ ಸರಿಯಿರಿ. ಚೀಲ, ಕೊಡೆ ಏನಿದ್ದರೂ ನಡುವೆ ಹಿಡಿಯಿರಿ. ಮಕ್ಕಳಿಗೆ ಎರಡು ಭಂಗಿ ಆಡಿಸಿ ಕಲಿಸಿ: ಕೈ ಮೈಗೆ ಅಂಟಿಸಿ ಮರದಂತೆ ನಿಲ್ಲುವುದು, ಬಿದ್ದರೆ ಮುದುಡಿಕೊಂಡು ಕುತ್ತಿಗೆ ಕಿವಿ ಮುಚ್ಚಿಕೊಳ್ಳುವುದು.

ಊಟ ಹಾಕುವುದನ್ನು ಒಮ್ಮೆಗೇ ನಿಲ್ಲಿಸಬೇಡಿ, ಹಸಿದ ನಾಯಿಗಳು ಚದುರಿ ಕಸದ ಚೀಲ ಹರಿಯುತ್ತವೆ, ಕಾದಾಡುತ್ತವೆ. ಜಾಗ ಬದಲಿಸಿ: ಶಾಲೆಯ ಗೇಟು, ಆಟದ ಮೈದಾನ, ಮೆಟ್ಟಿಲ ಬುಡದಿಂದ ದೂರ, ಜನಸಂಚಾರವಿಲ್ಲದ ಹೊತ್ತಿಗೆ, ಅರ್ಧ ಗಂಟೆಯೊಳಗೆ ಉಳಿದದ್ದನ್ನು ಎತ್ತಿಬಿಡುವಂತೆ. ತಾವು ಊಟ ಹಾಕುವ ಪ್ರತಿ ನಾಯಿಗೂ ಆಪರೇಷನ್, ಲಸಿಕೆ ಮಾಡಿಸುವ ಹೊಣೆ ಅವರದೇ ಎಂಬ ಷರತ್ತು ಇರಲಿ. ಆ ಹೊಣೆ ಹೊರದೆ ಬರಿದೇ ಅನ್ನ ಸುರಿಯುವುದು ಮರಿಗಳ ಸಂಖ್ಯೆ ಹೆಚ್ಚಿಸುವ ಕೆಲಸ, ಅದನ್ನು ದಯೆ ಎಂದು ಕರೆದರೂ ಲೆಕ್ಕ ಬದಲಾಗದು. ಕಸದ ವಿಷಯ ಚಿಕ್ಕದು: ಮುಚ್ಚಳವಿರುವ ಡಬ್ಬಿ, ರಾತ್ರಿ ಹೊರಗಿಡದಿರುವುದು, ಮಾಂಸದಂಗಡಿ ಹೋಟೆಲುಗಳ ತ್ಯಾಜ್ಯಕ್ಕೆ ಬೇರೆ ವ್ಯವಸ್ಥೆ.

ಏನನ್ನು ಎದುರುನೋಡಬಹುದು? ಆರು ತಿಂಗಳಿಗೊಮ್ಮೆ ಅದೇ ದಾರಿಯಲ್ಲಿ ಎಣಿಸಿ. ಮೊದಲು ಬದಲಾಗುವ ಅಂಕಿ ಒಟ್ಟು ನಾಯಿಗಳದ್ದಲ್ಲ, ಹಾಲೂಡಿಸುವ ತಾಯಂದಿರದ್ದು, ಮರಿಗಳದ್ದು. ಎಂಬತ್ತು ಶೇಕಡಾ ಹೆಣ್ಣುಗಳಿಗೆ ಆಪರೇಷನ್ ಆದ ವರ್ಷದೊಳಗೆ ಅವು ಇಳಿಯಬೇಕು, ದೊಡ್ಡ ನಾಯಿಗಳ ಸಂಖ್ಯೆ ಅದರ ಹಿಂದೆ ವರ್ಷಗಳಲ್ಲಿ ನಿಧಾನಕ್ಕೆ ಇಳಿಯುತ್ತದೆ. ತಾಯಂದಿರು ಕಡಿಮೆಯಾಗಿಯೂ ಮರಿಗಳು ಕಾಣುತ್ತಲೇ ಇದ್ದರೆ ಅವು ನಿಮ್ಮ ಬೀದಿಯಲ್ಲಿ ಹುಟ್ಟಿದವಲ್ಲ. ಯಾರೋ ಮನೆಯಲ್ಲಿ ಹುಟ್ಟಿದ್ದನ್ನು ತಂದು ಬಿಡುತ್ತಿದ್ದಾರೆ. ಆಗ ವ್ಯಾನಿಗೆ ಮತ್ತೆ ಫೋನ್ ಮಾಡುವ ಬದಲು ಸುತ್ತಲಿನ ಮನೆಗಳಲ್ಲಿ ಆಪರೇಷನ್ ಆಗದ ಸಾಕು ಹೆಣ್ಣುನಾಯಿಗಳು ಎಷ್ಟಿವೆ ಎಂಬ ಪಟ್ಟಿಯನ್ನು ಶುರುಮಾಡಿ.